ಹಾಡಿಕೊಂಡು ಅಳುತ್ತಿದ್ದ ದೊಡ್ಡವ್ವ

ಚೆಂಡು ಹೂವು, ವಿಭೂತಿ, ಊದಿನಕಡ್ಡಿ ಈ ಮೂರರ ವಾಸನೆ ಒಟ್ಟಿಗೆ ಬಂದರೆ ನಿಮಗೆ ಪೂಜೆ ನೆನಪಾದೀತು. ನನಗೆ ನೆನಪಾಗುವುದು ಸಾವಿನ ಮನೆ, ಮತ್ತು ಅಲ್ಲಿ ನಾನು ತಲೆಯಿಟ್ಟು ಮಲಗುತ್ತಿದ್ದ ದೊಡ್ಡವ್ವನ ತೊಡೆ. ದೊಡ್ಡವ್ವ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ, ಗಂಗವ್ವ. ಮೇಲವಂಕಿಯ ನಮ್ಮ ಕೂಡು ಮನೆಯಲ್ಲಿ ಹನ್ನೊಂದು ಜನ ಇದ್ದೆವು. ಹೆತ್ತವಳಿಗಿಂತ ಹೆಚ್ಚಾಗಿ ನಾನು ಇವಳ ಸೆರಗು ಹಿಡಿದೇ ಬೆಳೆದೆ. ಅತ್ತ ಕಲ್ಲೋಳಿಯ ತನಕ ಯಾರೇ ತೀರಿಕೊಂಡರೂ ಮೊದಲು ದೊಡ್ಡವ್ವನಿಗೆ ಹೇಳಿಕಳಿಸುತ್ತಿದ್ದರು. ನಮ್ಮವರಲ್ಲಿ ಸತ್ತವರನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಮುಂದೆ ಹೆಂಗಸರು ಕೂತು ಅವರ ಬಾಳನ್ನೆಲ್ಲ ಹಾಡಿಕೊಂಡು ಅಳುವುದು ರೂಢಿ. ಅಳುವುದು ಎಲ್ಲರಿಗೂ ಬರುತ್ತದೆ, ಹಾಡುವುದು ಬರುವುದಿಲ್ಲ. ದೊಡ್ಡವ್ವನಿಗೆ ಬರುತ್ತಿತ್ತು.

ಅವಳ ಅಳುವಿನಲ್ಲಿ ಸುಳ್ಳು ಹೊಗಳಿಕೆ ಇರುತ್ತಿರಲಿಲ್ಲ. ಜಿಪುಣ ಮುದುಕನೊಬ್ಬ ಸತ್ತಾಗ, "ಬೆಲ್ಲದ ಡಬ್ಬಿಗೆ ಕೀಲಿ ಹಾಕತಿದ್ದೆಲ್ಲೋ ಎಪ್ಪಾ, ಇವತ್ತ ಆ ಕೀಲಿ ಯಾರ ಕೈಯಾಗ ಕೊಟ್ಟ ಹೊಂಟ್ಯೋ" ಎಂದು ಇವಳು ಎತ್ತಿಕೊಂಡರೆ, ಅವನ ಹೆಂಡತಿಯೇ ಅಳುತ್ತಳುತ್ತ ನಕ್ಕುಬಿಟ್ಟಿದ್ದಳು. ಅತ್ತೆಯ ಕಾಟ, ಅಣ್ಣತಮ್ಮಂದಿರ ಮುನಿಸು, ಗಂಡ ಎತ್ತಿದ ಕೈ, ಬದುಕಿದ್ದಾಗ ಯಾರೂ ಬಾಯಿಬಿಡದ ಸಂಗತಿಗಳೆಲ್ಲ ಅಲ್ಲಿ ಹೊರಬರುತ್ತಿದ್ದವು. ತಪ್ಪು ಮಾಡಿದವರು ಅಲ್ಲೇ ತಲೆ ತಗ್ಗಿಸಿ ಕೂತು ಕೇಳುತ್ತಿದ್ದರು. ಮಣ್ಣು ಕೊಟ್ಟು ಬಂದು ಜಳಕ ಮಾಡಿದರೆ ಮುಗಿಯಿತು. ಆ ಮಾತನ್ನು ಯಾರೂ ಹೊಸ್ತಿಲಾಚೆ ಒಯ್ಯುತ್ತಿರಲಿಲ್ಲ. ಒಲೆ ಹೊತ್ತಿಸದ ಆ ಮನೆಗೆ ನಮ್ಮ ಓಣಿಯ ಹುಸೇನಬಿ ಕಿಟಲಿಯಲ್ಲಿ ಚಹಾ ತರುತ್ತಿದ್ದಳು. ದೊಡ್ಡವ್ವ ಎರಡು ಕಪ್ಪು ಕುಡಿದು, ಏನೂ ಆಗಿಲ್ಲವೆಂಬಂತೆ ನನ್ನ ಕೈ ಹಿಡಿದು ಮನೆಗೆ ಹೊರಡುತ್ತಿದ್ದಳು.

ನಾನು ಗೋಕಾಕದಲ್ಲಿ ಸಾಲಿ ಟೀಚರಾಗಿ, ಮೊದಲ ಪಗಾರದಲ್ಲಿ ಒಳ್ಳೆಯ ಫೋನು ಕೊಂಡ ವರ್ಷ ಹಿಂದಿನ ಓಣಿಯ ಶಾಂತವ್ವ ತೀರಿಕೊಂಡಳು. ಅವಳು ದೊಡ್ಡವ್ವನ ಗೆಳತಿ. ಅಂದು ದೊಡ್ಡವ್ವ ಅತ್ತಂತೆ ಎಂದೂ ಅತ್ತಿರಲಿಲ್ಲ. "ಗಂಡ ಬಡದಾಗ ನನ್ನ ಜೋಳದ ಕೋಣ್ಯಾಗ ಅಡಗತಿದ್ದೆಲ್ಲೇ ಗೆಳತೆವ್ವಾ, ಒಂದ ರೊಟ್ಟಿ ಇಬ್ರೂ ಹರಕೊಂಡ ತಿಂದೆವಲ್ಲೇ." ಆ ಗಂಡ ಬಾಗಿಲ ಬಳಿ ಮುಖಕ್ಕೆ ಟವೆಲು ಒತ್ತಿಕೊಂಡು ಬಿಕ್ಕುತ್ತಿದ್ದ. ನಾನು ಫೋನು ಎತ್ತಿ ವಿಡಿಯೋ ಹಿಡಿದೆ. ನನಗೆ ಹೆಮ್ಮೆ, ನಮ್ಮ ದೊಡ್ಡವ್ವನಂಥವಳು ಇನ್ನೆಲ್ಲಿದ್ದಾಳೆ ಎಂದು. ಮನೆಯವರ ವಾಟ್ಸಾಪ್ ಗ್ರೂಪಿಗೆ ಕಳಿಸಿದೆ, ಕೈ ಮುಗಿದ ಚಿತ್ರವೆರಡು ಸೇರಿಸಿ. ಮನೆಯವರೆಂದರೆ ಎಷ್ಟು ಜನ ಎಂದು ನಾನು ಎಣಿಸಿರಲಿಲ್ಲ ನೋಡಿ. ಅಳಿಯಂದಿರು, ಬೀಗರು, ಬೀಗರ ಬೀಗರು. ನಾಲ್ಕೇ ದಿನಕ್ಕೆ ಅದು ಮೂಡಲಗಿಯಿಂದ ಹುಕ್ಕೇರಿಯವರೆಗೆ ಓಡಾಡಿತು. ಯಾರೋ ಪುಣ್ಯಾತ್ಮರು ಅಳುವಿನ ಹಿಂದೆ ಬ್ಯಾಂಜೋ ಬಡಿತ ಜೋಡಿಸಿದ್ದರು.

ಐದನೆಯ ದಿನ ಶಾಂತವ್ವನ ಮಗ ನಮ್ಮ ಕಟ್ಟೆಯ ಮುಂದೆ ಬಂದು ನಿಂತ. ಬೈಯಲಿಲ್ಲ. "ಹುಕ್ಕೇರ್ಯಾಗ ನಮ್ಮ ಬೀಗರೂ ನೋಡ್ಯಾರ್ರಿ ದೊಡ್ಡವ್ವಾ. ನಮ್ಮಪ್ಪ ಮನಿ ಬಿಟ್ಟ ಹೊರಗ ಬರವಲ್ಲ" ಎಂದಷ್ಟೇ ಹೇಳಿ ಹೋದ. ದೊಡ್ಡವ್ವನಿಗೆ ಏನೂ ತಿಳಿಯಲಿಲ್ಲ. ನಾನೇ ಎಲ್ಲ ಹೇಳಿದೆ. ತೋರಿಸು ಎಂದಳು, ತೋರಿಸಿದೆ. ಬ್ಯಾಂಜೋ ಇದ್ದದ್ದೇ ಕೈಗೆ ಸಿಕ್ಕಿತು. ಕೊನೆಯವರೆಗೂ ನೋಡಿದಳು.

"ಅಳುವಾಗ ನನ್ನ ಮಾರಿ ಹಿಂಗ ಕಾಣತೈತೇನ?"

"ತಪ್ಪಾತ ದೊಡ್ಡವ್ವ."

"ಇರ್ಲಿ ಬಿಡು, ನಿನಗೇನ ಗೊತ್ತಿತ್ತ" ಎಂದು ಎದ್ದು ಹಸುವಿಗೆ ನೀರು ಇಡಲು ಹೋದಳು. ನಾಲ್ಕು ಬಾರಿಸಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಆಮೇಲೆಯೂ ಕರೆ ಬರುತ್ತಿತ್ತು, ಹೋಗುತ್ತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡು ಒಂದು ಮೂಲೆಯಲ್ಲಿ ಕೂತು ಬರುತ್ತಿದ್ದಳು. ದೊಡ್ಡಪ್ಪ ಹೋದ ದಿನ ನಾನೇ ಎಲ್ಲರ ಫೋನು ಇಸಿದುಕೊಂಡು ಟ್ರಂಕಿನಲ್ಲಿಟ್ಟು, "ಯಾರ ಕೈಯಾಗೂ ಇಲ್ಲ ದೊಡ್ಡವ್ವ, ಈಗರ ಅಳು" ಎಂದು ಅವಳ ಭುಜ ಹಿಡಿದೆ. ಅವಳು ಕೂತವರ ಕೈಗಳನ್ನು ಒಂದೊಂದಾಗಿ ನೋಡಿದಳು. "ಬರವಲ್ದವ್ವ" ಎಂದಳು. ನಲವತ್ತು ವರ್ಷ ಬಾಳಿದ ಗಂಡನನ್ನು ಒಂದು ಮಾತೂ ಆಡದೆ ಕಳಿಸಿಕೊಟ್ಟಳು.

ನಮ್ಮ ಕೂಡು ಮನೆ ಒಡೆದು ಈಗ ಮೂರು ಬಾಗಿಲು, ಮೂರು ಟಿ.ವಿ. ಎಲ್ಲರೂ ಕೂಡುವ ಜಾಗವೆಂದರೆ ಅದೇ ಗ್ರೂಪು. ದೊಡ್ಡವ್ವ ಹೋದಳೆಂಬ ಸುದ್ದಿ ನನಗೆ ಅದರಲ್ಲೇ ಬಂತು, ಈ ವರ್ಷ, ಪಾಠದ ನಡುವೆ. ನಾನು ಹೋಗುವಷ್ಟರಲ್ಲಿ ಮನೆಯ ತುಂಬ ಚೆಂಡು ಹೂವು. ಅವಳನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹೆಂಗಸರು ಸುಮ್ಮನೆ ಕೂತಿದ್ದರು, ಯಾರಿಗೂ ಹಾಡಲು ಬರುತ್ತಿರಲಿಲ್ಲ. ದೊಡ್ಡವ್ವನ ಒಬ್ಬಳೇ ಮಗಳು ಮಹಾದೇವಿ ಕೊಲ್ಹಾಪುರದಲ್ಲಿ ಕಾಲು ಮುರಿದುಕೊಂಡು ಮಲಗಿದ್ದಳು, ಬರಲಾಗಿರಲಿಲ್ಲ. ಅವಳಿಗೆ ಕಾಣಲೆಂದು ವೈನಿ, ನನ್ನ ಅಣ್ಣನ ಹೆಂಡತಿ, ವಿಡಿಯೋ ಕಾಲ್ ಹಚ್ಚಿ ಫೋನು ಹಿಡಿದು ನಿಂತಿದ್ದಳು. ಬೇಡ ಎನ್ನಲು ನನಗೆ ಯಾವ ಬಾಯಿ? ಹುಸೇನಬಿ ನನ್ನ ಬೆನ್ನ ಮೇಲೆ ಕೈಯಿಟ್ಟು, "ಅಕಿ ತೊಡಿ ಮ್ಯಾಲ ಬೆಳದಾಕಿ ನೀನು, ನೀನರ ಎರಡ ಮಾತ ಅನ್ನು ಬೇಟಿ" ಎಂದಳು.

ದೊಡ್ಡವ್ವನ ಪದ್ಧತಿಯಂತೆ ಇದ್ದದ್ದನ್ನೇ ಅನ್ನಬೇಕು. ನನಗೆ ಅಳು ಬಂದಿರಲಿಲ್ಲ, ಎದೆಯೊಳಗೆ ಏನೂ ಇರಲಿಲ್ಲ. ಅವಳ ತಣ್ಣನೆಯ ಪಾದ ಹಿಡಿದು, "ನಿನ್ನ ಅಳು ನಾನ ಕಸಗೊಂಡ್ನೆಲ್ಲೇ ಎವ್ವಾ" ಎಂದೆ. ರಾಗ ಬರಲಿಲ್ಲ, ಮಾತಷ್ಟೇ ಬಂತು.

"ಸ್ವಲ್ಪ ಜೋರ ಅನ್ರಿ" ಎಂದಳು ವೈನಿ ಮೆಲ್ಲಗೆ, "ಮಹಾದೇವಿ ಅಕ್ಕಾಗ ಕೇಳಿಸವಲ್ದಂತ."

ನಾನು ಫೋನಿನ ಕಡೆ ಮುಖ ತಿರುಗಿಸಿ, ಇನ್ನೊಮ್ಮೆ, ಜೋರಾಗಿ ಅಂದೆ.