ಒಲೆ ಕಟ್ಟುವ ಸಗಿಂದಿಕ್ ಅಲ್ಮಾಟಿಗೆ ಹೊರಟದ್ದು

ಅಲ್ಮಾಟಿ ನಗರಕ್ಕೆ ಹೋಗಿ ನೆಲೆಸುವುದೆಂದು ತೀರ್ಮಾನವಾದ ದಿನವೇ ಸಗಿಂದಿಕ್‌ನ ಹೆಂಡತಿ ಬಾಲ್ಸುಲು ಸಕ್ಕರೆ ಡಬ್ಬಕ್ಕೆ ಬೀಗ ಹಾಕಿದಳು.

"ಅಲ್ಲಿ ಸಕ್ಕರೆಗೂ ದುಡ್ಡು, ಸೌದೆಗೂ ದುಡ್ಡು, ಬಾಗಿಲಾಚೆ ಕಾಲಿಟ್ರೆ ಬಸ್ಸಿಗೆ ದುಡ್ಡು. ಇಲ್ಲಿಂದಾನೇ ರೂಢಿ ಮಾಡ್ಕೊಳ್ಳಿ," ಎಂದಳು.

ನಾನು ಪಕ್ಕದ ಮನೆಯ ತುಲೆಗೆನ್. ನನ್ನ ಹಳೆಯ ಲಾರಿಯಲ್ಲೇ ಅವರ ಸಾಮಾನು ಹೋಗಬೇಕಾಗಿದ್ದರಿಂದ ದಿನಾ ಸಂಜೆ ಅಲ್ಲಿ ಕೂತು ಸಪ್ಪೆ ಚಹಾ ಕುಡಿಯುವುದು ನನ್ನ ಪಾಲಿಗೂ ಬಂತು.

ಕೆಗೆನ್ ಸೀಮೆಯಲ್ಲಿ ಚಳಿಗೆ ಮನೆ ಕಾಯಿಸುವ ಇಟ್ಟಿಗೆ ಒಲೆಯನ್ನು ಸಗಿಂದಿಕ್‌ನಷ್ಟು ಚೆನ್ನಾಗಿ ಕಟ್ಟುವವನು ಇನ್ನೊಬ್ಬನಿಲ್ಲ. ಅವನು ಕಟ್ಟಿದ ಒಲೆ ಎರಡು ಬುಟ್ಟಿ ಕಲ್ಲಿದ್ದಲಿಗೆ ಬೆಳಗಿನ ತನಕ ಗೋಡೆ ಬೆಚ್ಚಗಿಡುತ್ತದೆ. ಆದರೆ ಈಗ ಎಲ್ಲರೂ ಅಂಗಡಿಯಿಂದ ಕಬ್ಬಿಣದ ಬಾಯ್ಲರ್ ತರುತ್ತಾರೆ. ಹೋದ ವರ್ಷವಿಡೀ ಅವನು ಕಟ್ಟಿದ್ದು ಎರಡೇ ಒಲೆ. ಅಲ್ಮಾಟಿಯ ಬೆಟ್ಟದ ಬುಡದಲ್ಲಿ ದುಡ್ಡಿರುವವರು ಹೊಸ ಮನೆ ಕಟ್ಟಿಸಿ, ಬರಿಯ ಶೋಕಿಗೆ ಇಟ್ಟಿಗೆ ಒಲೆ ಕೇಳುತ್ತಿದ್ದಾರೆಂದು ಸುದ್ದಿ ಬಂತು. ಬಾಲ್ಸುಲುಗೆ ಅಲ್ಲೇ ಒಂದು ಶಿಶುವಿಹಾರದ ಅಡಿಗೆಮನೆಯಲ್ಲಿ ಕೆಲಸ ಸಿಕ್ಕಿತು. ಮಗಳು ಅಯ್‌ಗಾನಿಮ್‌ಗೂ ಅಲ್ಲೇ ಊಟವಾಗುತ್ತದೆ. ಇಷ್ಟು ಸಾಕಾಯಿತು.

ಮನೆ ಸಿಕ್ಕಿದ್ದು ಊರಂಚಿನಲ್ಲಿ, ಯಾರದೋ ಹಿತ್ತಲ ಒಂಟಿ ಕೋಣೆ. ಒಲೆ ಬಿದ್ದುಹೋಗಿದೆಯೆಂದು ಬಾಡಿಗೆ ಅಗ್ಗ. ಒಲೆ ಬಿದ್ದ ಮನೆಯನ್ನು ಒಲೆ ಕಟ್ಟುವವನಿಗೆ ಅಗ್ಗಕ್ಕೆ ಕೊಟ್ಟ ಆ ಯಜಮಾನಿಯ ಬುದ್ಧಿಗೆ ನಾವು ಒಂದು ವಾರ ನಕ್ಕೆವು. ಆದರೂ ಮುಂಗಡ ಕೊಡಲು ಹಸುವನ್ನೂ ಕುದುರೆಯನ್ನೂ ಮಾರಬೇಕಾಯಿತು. ಐದು ಮೂಟೆ ಹಿಟ್ಟು, ಆಲೂಗಡ್ಡೆ, ಮರಳಲ್ಲಿ ಹೂತ ಈರುಳ್ಳಿ, ಒಂದು ಚೀಲ ಒಣಮೊಸರಿನ ಉಂಡೆ, ಹಳೆ ಕೋಟುಗಳನ್ನು ಬಿಚ್ಚಿ ಹೊಲಿದ ನಾಲ್ಕು ರಜಾಯಿ, ಇವೆಲ್ಲ ಸಿದ್ಧವಾದವು. ಚಳಿಗಾಲದ ಮಾಂಸ ಮಾತ್ರ ಇರಲಿಲ್ಲ. ಒಂದು ಕೊಬ್ಬಿದ ಕುದುರೆ ಕಡಿದು ಉಪ್ಪು ಹಾಕಿಟ್ಟರೆ ಏಪ್ರಿಲ್‌ವರೆಗೆ ಚಿಂತೆಯಿಲ್ಲ. ನಗರದ ಅಂಗಡಿಯಲ್ಲಿ ಮಾಂಸ ಕೊಂಡು ತಿಂದರೆ ಫೆಬ್ರವರಿಗೆ ಕೈ ಖಾಲಿ. ಕೈ ಖಾಲಿಯಾದರೆ ಊರಿಗೆ ವಾಪಸ್ಸು.

ವಾಪಸ್ಸು ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಸಗಿಂದಿಕ್‌ಗೆ ಊರವರು ಇಟ್ಟ ಅಡ್ಡಹೆಸರು 'ಮೂರು ದಿನದ ಸಗಿಂದಿಕ್'. ಅದು ಅವನಿಗೆ ಅಂಟಿದ್ದು ಹದಿನೇಳನೇ ವಯಸ್ಸಿನಲ್ಲಿ.

ಆಗ ಅವನಿಗೆ ಅಲ್ಮಾಟಿಯ ಕಟ್ಟಡ ಕೆಲಸದ ಶಾಲೆಯಲ್ಲಿ ಜಾಗ ಸಿಕ್ಕಿತ್ತು. ಅವನ ಸೋದರಮಾವ ಒರಾಜ್‌ಬಾಯ್ ಅಲ್ಲಿ ಯಾವುದೋ ಉಗ್ರಾಣದ ಮುಖ್ಯಸ್ಥ, ಎರಡು ಕೋಣೆಯ ಮನೆ ಇದ್ದವನು. "ಹುಡುಗನ್ನ ಕಳಿಸು ತಂಗಿ, ನನ್ನ ಮಕ್ಕಳ ಜೊತೆ ಇರ್ತಾನೆ," ಎಂದು ಹೇಳಿ ಕಳಿಸಿದ್ದ. ತಾಯಿ ಕುದುರೆಯ ತೊಡೆ, ಕುದುರೆಯ ಕರುಳಲ್ಲಿ ಕೊಬ್ಬು, ಮಾಂಸ ತುಂಬಿದ ಕಜಿ, ಒಂದು ರಜಾಯಿ ಹೊರಿಸಿ ಮಗನನ್ನು ಕಳಿಸಿದಳು. ಮೂರು ದಿನಕ್ಕೆ ಹುಡುಗ ತಿರುಗಿ ಬಂದ. ಅವನಿಗಿಂತ ಮೊದಲೇ ಮಾವನ ಮಾತು ಬಂದಿತ್ತು: ಹುಡುಗ ನಗರ ನೋಡಿ ಹೆದರಿದ, ಅಮ್ಮಾ ಅಂತ ಅತ್ತ, ಹೇಳದೆ ಕೇಳದೆ ಓಡಿಹೋದ. ತನ್ನನ್ನು ಬಾಗಿಲಿಂದಲೇ ಓಡಿಸಿದರೆಂದು ಮಗ ಹೇಳಿದ್ದನ್ನು ತಾಯಿ ನಂಬಲಿಲ್ಲ. "ನನ್ನಣ್ಣನ ಮೇಲೆ ಸುಳ್ಳು ಹೇಳ್ತೀಯಾ?" ಎಂದು ಕೆನ್ನೆಗೆ ಹೊಡೆದಳು. ಒಂಬತ್ತು ವರ್ಷದ ಹಿಂದೆ ಸಾಯುವಾಗಲೂ ಅವಳ ನಂಬಿಕೆ ಅದೇ.

ಈಗ ಆ ಒರಾಜ್‌ಬಾಯ್ ಪಿಂಚಣಿ ತೆಗೆದುಕೊಂಡು ಊರಿಗೆ ಬಂದು, ಹೊಸ ಮನೆ ಕಟ್ಟಿಸಿ, ಹನ್ನೆರಡು ಕುದುರೆ ಇಟ್ಟುಕೊಂಡು ಕೂತಿದ್ದಾನೆ. ಅವನ ಬೂದು ಹೆಣ್ಣುಕುದುರೆ ಬೇಸಿಗೆಯಿಡೀ ಓಟ್ಸ್ ತಿಂದು, ಬೆನ್ನ ಮೇಲೆ ನೀರು ನಿಲ್ಲುವಷ್ಟು ಕೊಬ್ಬಿತ್ತು. ದಿನಾ ನನ್ನ ಕಣ್ಣಿಗೆ ಬೀಳುತ್ತಿತ್ತು. ದಿನಾ ನನ್ನ ರಕ್ತ ಕುದಿಯುತ್ತಿತ್ತು.

"ನಿನ್ನ ಮೂರು ಬೇಡಿಕೆ ಹಾಗೇ ಕೊಳೀತಿವೆಯಲ್ಲೋ," ಎಂದೆ ಒಂದು ಸಂಜೆ. "ಕೇಳೋ!"

ನಮ್ಮಲ್ಲಿ ಸೋದರಳಿಯ ತನ್ನ ಮಾವನ ಬಳಿ ಬಾಳಿನಲ್ಲಿ ಮೂರು ಸಲ ಏನು ಕೇಳಿದರೂ ಇಲ್ಲ ಎನ್ನುವಂತಿಲ್ಲ. ಇಲ್ಲ ಎಂದ ಮಾವನಿಗೆ ಮುಪ್ಪಿನಲ್ಲಿ ಕೈ ನಡುಗುತ್ತದೆ ಎನ್ನುತ್ತಾರೆ. ಹುಡುಗರು ಹತ್ತು ತುಂಬುವುದರೊಳಗೆ ಕುದುರೆಮರಿ, ಬೇಟೆನಾಯಿ ಎಂದು ಮೂರನ್ನೂ ಮುಗಿಸಿರುತ್ತಾರೆ. ಸಗಿಂದಿಕ್ ನಲವತ್ಮೂರಾದರೂ ಒಂದನ್ನೂ ಮುಟ್ಟಿರಲಿಲ್ಲ.

"ಆ ಮನೆಯಿಂದ ನನಗೆ ಒಂದು ಎಳೆ ಉಣ್ಣೇನೂ ಬೇಡ," ಎಂದ.

"ನಿನಗೆ ಬೇಡ. ಅಯ್‌ಗಾನಿಮ್ ಏನು ತಿಂತಾಳೆ? ನಿನ್ನ ಇಟ್ಟಿಗೇನಾ?"

ಅವನು ಎದ್ದು ಹೊರಗೆ ಹೋದ. ಬಾಲ್ಸುಲು ನನಗೆ ಚಹಾ ಬಗ್ಗಿಸುತ್ತಾ, "ಹೇಳ್ತಾ ಇರಿ ಭಾವ," ಎಂದಳು ಮೆಲ್ಲಗೆ.

ಹೊರಡುವ ಎರಡು ದಿನ ಮುಂಚೆ ಬೀಳ್ಕೊಡುಗೆ ಊಟ. ಇದ್ದ ಒಂದೇ ಕುರಿ ಕಡಿದರು. ಸೋದರಮಾವನನ್ನು ಕರೆಯದೆ ಬಿಟ್ಟರೆ ಊರು ಇವರನ್ನೇ ಆಡಿಕೊಳ್ಳುತ್ತದೆ. ಅದಕ್ಕೆ ಒರಾಜ್‌ಬಾಯ್ ಬಂದ, ನರಿಚರ್ಮದ ಟೋಪಿ ತೆಗೆಯದೆ ಮೇಲಿನ ಜಾಗದಲ್ಲಿ ಕೂತ. ಹಿರಿಯ ಅತಿಥಿಗೆ ಸಲ್ಲುವ ಕುರಿಯ ತಲೆಯನ್ನೂ ಅವನ ಮುಂದೆಯೇ ಇಟ್ಟರು. ಅವನ ಪಕ್ಕ ಊರ ಹಿರಿಯ ಖಾಬಿಲ್ ಅಜ್ಜ. ಚಹಾ ಹಂಚುತ್ತಿದ್ದವಳು ಸಗಿಂದಿಕ್‌ನ ತಂಗಿ ರೌಶನ್, ನಮ್ಮೂರ ಅಂಚೆಮನೆಯಲ್ಲೇ ಕೆಲಸ, ಮಾತು ಕಡಿಮೆ.

ಒರಾಜ್‌ಬಾಯ್ ಆ ಕುರಿತಲೆಯಿಂದ ಒಂದು ಕಿವಿ ಕೊಯ್ದು ಅಯ್‌ಗಾನಿಮ್‌ಗೆ ಕೊಟ್ಟು ನಕ್ಕ. "ತಿನ್ನು ಪುಟ್ಟಿ. ಸಾಮಾನೆಲ್ಲ ಬಿಚ್ಚಬೇಡಿ ಅಂತ ಅಪ್ಪನಿಗೆ ಹೇಳು. ಹೋದ ಸಲ ಮೂರು ದಿನ ಇದ್ದ. ಈ ಸಲ ವಯಸ್ಸಾಗಿದೆ, ಒಂದು ವಾರ ಇರ್ತಾನೇನೋ!"

ಕೆಲವರು ನಕ್ಕರು. ಯಾರು ನಕ್ಕರೆಂದು ನನಗೆ ನೆನಪಿದೆ.

ಸಗಿಂದಿಕ್ ಕೈ ಒರೆಸಿಕೊಂಡ. "ಮಾವ, ನಾನು ನಿಮ್ಮ ಹತ್ರ ಅಳಿಯನ ಬೇಡಿಕೆ ಇಟ್ಟೇ ಇಲ್ಲ. ಇವತ್ತು ಕೇಳ್ತೀನಿ. ಎಲ್ಲರೂ ಸಾಕ್ಷಿ."

"ಕೇಳಪ್ಪ, ಕೇಳು! ಇಷ್ಟು ಜನರ ಮುಂದೆ ಮಾವ ಜಿಪುಣ ಆಗ್ತಾನಾ?"

"ಬೂದು ಕುದುರೆ."

ಮುಖದ ನಗೆ ಹಾಗೇ ಉಳಿದರೂ ಅವನ ಕೈಯಲ್ಲಿದ್ದ ಚಾಕು ನಿಂತಿತು. "ಅದು ನನ್ನ ಚಳಿಗಾಲದ ಮಾಂಸ ಕಣೋ."

"ಗೊತ್ತು."

"ಹ್ಞೂಂ. ತಗೋ."

ನನಗೆ ಆ ಕ್ಷಣ ತಲೆಗೆ ಏರಿತು. ಹಿಂದಿನಿಂದ ಸಗಿಂದಿಕ್‌ನ ಕಿವಿಯಲ್ಲಿ, "ಬೆಳ್ಳಿ ತಡಿ ಕೇಳು, ಬೆಳ್ಳಿ ತಡಿ, ಉರೀಲಿ ಅವನಿಗೆ!" ಎಂದು ಪಿಸುಗುಟ್ಟಿದೆ. ತನ್ನಪ್ಪನ ಕಾಲದ, ಬೆಳ್ಳಿ ಕೂರಿಸಿದ ಆ ಕುದುರೆ ಜೀನನ್ನು ಒರಾಜ್‌ಬಾಯ್ ಗೋಡೆಗೆ ನೇತುಹಾಕಿ ಬಂದವರಿಗೆಲ್ಲ ತೋರಿಸುತ್ತಿದ್ದ.

"ಬೆಳ್ಳಿ ತಡಿ," ಎಂದುಬಿಟ್ಟ ಸಗಿಂದಿಕ್.

ಒರಾಜ್‌ಬಾಯ್ ಕೆಂಪಗಾದ, ಆದರೂ ತಲೆಯಾಡಿಸಿದ. ಬಾಲ್ಸುಲು ಬಂದು ನನ್ನ ತೋಳನ್ನು ಚರ್ಮ ಕಿತ್ತುಬರುವ ಹಾಗೆ ಜಿಗುಟಿದಳು. "ತಡಿ ಮೇಲೆ ಕೂತು ಬಸ್ ಹತ್ತೋಣ್ವಾ ಭಾವ? ನಿಮ್ಮ ಬಾಯಿಗೆ ಒಲೆ ಮಣ್ಣು ಮೆತ್ತಬೇಕು!"

"ಮೂರನೇದು," ಎಂದ ಸಗಿಂದಿಕ್. "ಅಲ್ಮಾಟಿಯ ನಿಮ್ಮ ಬಾಗಿಲಲ್ಲಿ ಅವತ್ತು ನನಗೆ ಏನು ಹೇಳಿದ್ರಿ, ಅದನ್ನ ಇವರೆಲ್ಲರ ಮುಂದೆ ಹೇಳಿ. ಒಂದು ಮಾತೂ ಬಿಡದೆ."

ಅಗಿಯುತ್ತಿದ್ದವರೆಲ್ಲ ನಿಲ್ಲಿಸಿದರು.

"ಇದೇನು ಬೇಡಿಕೆ?" ಎಂದ ಒರಾಜ್‌ಬಾಯ್. "ಇನ್ನೊಂದು ಕುದುರೆ ತಗೋ."

"ಕುದುರೆ ಸಿಕ್ತು."

ಮುದುಕ ಸುತ್ತ ನೋಡಿದ. ಆಮೇಲೆ ಕೋಟಿನ ಒಳಜೇಬಿಗೆ ಕೈ ಹಾಕಿ ಕೀಲಿಗೊಂಚಲು ತೆಗೆದು ಊಟದ ಬಟ್ಟೆಯ ಮೇಲಿಟ್ಟ. "ಇಗೋ, ಅದೇ ಮನೆ. ಬಾಡಿಗೆಯವರು ಹೋದ ತಿಂಗಳು ಬಿಟ್ಟರು. ಎರಡು ಕೋಣೆ, ನಲ್ಲೀಲಿ ಬಿಸಿನೀರು. ಒಂದು ವರ್ಷ ಇರಿ, ಬಾಡಿಗೆ ಬೇಡ. ಆ ಹಳೇ ಮಾತು ಬಿಡು."

ನಿಜ ಹೇಳುತ್ತೇನೆ, ನನ್ನ ಕೈಯೇ ಅದರತ್ತ ಚಾಚಿತು. ಒಂದು ವರ್ಷದ ಬಾಡಿಗೆ! ಸಕ್ಕರೆ ಡಬ್ಬದ ಬೀಗ ತೆಗೆಯಬಹುದು, ಅಯ್‌ಗಾನಿಮ್‌ಗೆ ಹೊಸ ಬೂಟು ಕೊಳ್ಳಬಹುದು, ಫೆಬ್ರವರಿಗೆ ಹೆದರಬೇಕಾಗಿಲ್ಲ. ಸಗಿಂದಿಕ್ ಹೆಂಡತಿಯ ಕಡೆ ನೋಡಿದ. ಎಲ್ಲರೂ ಅವಳನ್ನೇ ನೋಡಿದರು. ಎರಡು ತಿಂಗಳಿಂದ ಈರುಳ್ಳಿಯನ್ನು ಎಣಿಸಿ ಇಟ್ಟವಳು ಅವಳು.

ಬಾಲ್ಸುಲು ಕೈಯಲ್ಲಿದ್ದ ಸೌಟಿನಿಂದ ಕೀಲಿಯನ್ನು ಮುದುಕನ ಕಡೆ ತಳ್ಳಿದಳು. ಗೊಂಚಲಿಗೆ ಸಾರು ಮೆತ್ತಿತು.

"ಇದನ್ನ ಇಪ್ಪತ್ತಾರು ವರ್ಷದ ಹಿಂದೆ ಕೊಡಬೇಕಿತ್ತು. ಈಗ ನಮಗೆ ಕೋಣೆ ಇದೆ," ಎಂದಳು. "ಹೇಳಿ ಮಾವ. ನಾನೂ ಕೇಳಬೇಕು."

ಖಾಬಿಲ್ ಅಜ್ಜ ಗಡ್ಡ ಸವರಿಕೊಂಡ. "ಕೇಳು ಅಂದವನು ನೀನೇ ಒರಾಜ್‌ಬಾಯ್. ಹೇಳು."

ಒರಾಜ್‌ಬಾಯ್ ತಟ್ಟೆ ನೋಡಿಕೊಂಡು ಹೇಳಿದ. "ಅವತ್ತು ಹೆಂಡತಿ ಕಡೆಯವರು ಬಂದಿದ್ರು, ದೊಡ್ಡ ಮನುಷ್ಯರು. ಇವನು ಮೂಟೆ ಹೊತ್ಕೊಂಡು ಬಂದ. ಮಾಂಸ ಇಸ್ಕೊಂಡೆ. ಮಾಂಸ ಒಳಗೆ ಬರ್ಲಿ, ನೀನು ಆಚೆ ಇರು ಅಂದೆ. ನಿನ್ನ ಮೈ ಸಗಣಿ ನಾತ ನನ್ನ ಮಕ್ಕಳಿಗೆ ಹತ್ತೋದು ಬೇಡ ಅಂದೆ."

"ಆಮೇಲೆ?"

"ಬಾಗಿಲು ಹಾಕ್ದೆ."

"ನಾನು ಎಲ್ಲಿ ಮಲಗಿದ್ದೆ?"

"ಬಸ್‌ ನಿಲ್ದಾಣದಲ್ಲಿ ಅಂತ ಆಮೇಲೆ ಗೊತ್ತಾಯ್ತು. ಅತ್ತು ಓಡಿಹೋದ ಅಂತ ನಿಮ್ಮಮ್ಮನಿಗೆ ಹೇಳಿಸಿದ್ದು ನಾನೇ. ಸಾಕಾ?"

ಖಾಬಿಲ್ ಅಜ್ಜ ಕೈಚಾಚಿ ಕುರಿತಲೆಯ ತಟ್ಟೆಯನ್ನು ಒರಾಜ್‌ಬಾಯ್‌ನ ಮುಂದಿನಿಂದ ಎತ್ತಿ ಸಗಿಂದಿಕ್‌ನ ಮುಂದೆ ಇಟ್ಟ. ನಮ್ಮ ಸೀಮೆಯಲ್ಲಿ ಒಬ್ಬ ಗಂಡಸಿನ ಮುಂದಿಟ್ಟ ತಲೆಯನ್ನು ಎತ್ತಿ ಇನ್ನೊಬ್ಬನಿಗೆ ಇಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಒರಾಜ್‌ಬಾಯ್‌ನ ಮುಖ ನೋಡಿ ನನಗೆ ಹಬ್ಬವಾಯಿತು. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ.

ಆದರೆ ಸಗಿಂದಿಕ್ ತಟ್ಟೆ ಮುಟ್ಟಲಿಲ್ಲ. "ಕೇಳಬೇಕಾದವಳು ಇಲ್ಲಿಲ್ಲ," ಎಂದ. "ನಾಳೆ ಅಮ್ಮನ ಗೋರಿ ಹತ್ರ ಬಂದು ಇದನ್ನೇ ಹೇಳಿ ಮಾವ."

ಒರಾಜ್‌ಬಾಯ್ ಎದ್ದು ನಿಂತ. ಕೀಲಿ ಒರೆಸಿ ಜೇಬಿಗಿಟ್ಟ. ಅವನ ದನಿ ಮರಳಿ ಬಂದಿತ್ತು. "ಕುದುರೆ ಒಂದು. ತಡಿ ಎರಡು. ಮಾತು ಮೂರು. ಮುಗೀತಪ್ಪ ಅಳಿಯ. ಇನ್ನು ನಾನು ನಿನಗೆ ಏನೂ ಮಾಡಬೇಕಾಗಿಲ್ಲ."

ಲೆಕ್ಕ ಸರಿಯಾಗಿತ್ತು. ಸಗಿಂದಿಕ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಅದು ಬೈದದ್ದಕ್ಕಿಂತ ಹೆಚ್ಚಾಯಿತು. ಆ ಹಾಳು ತಡಿ! ಮುದುಕನ ಹೊಟ್ಟೆ ಉರಿಸಲು ಹೋಗಿ ಸಗಿಂದಿಕ್‌ನ ತಾಯಿಗೆ ಸೇರಬೇಕಾದ್ದನ್ನು ನಾನೇ ಕಸಿದಿದ್ದೆ. ಎದ್ದು ಒರಾಜ್‌ಬಾಯ್‌ನ ಕೊರಳಪಟ್ಟಿ ಹಿಡಿಯಲೇ ಎಂದುಕೊಂಡೆ.

ಆಗ ರೌಶನ್ ಚಹಾದ ಪಾತ್ರೆ ಕೆಳಗಿಟ್ಟಳು.

"ಕೂತ್ಕೊಳ್ಳಿ ಮಾವ," ಎಂದಳು. "ನನ್ನ ಮೂರು ಬೇಡಿಕೆ ಹಾಗೇ ಇವೆ. ಮೊದಲನೇದು, ಅಣ್ಣ ಕೇಳಿದ ಹಾಗೆ ನಾಳೆ ಅಮ್ಮನ ಗೋರಿ ಹತ್ರ ಬಂದು ಹೇಳಿ."

"ನಿನ್ನದಾ? ಹೆಂಗಸರು ಅಳಿಯನ ಬೇಡಿಕೆ ಕೇಳೋದು ಎಲ್ಲಾದ್ರೂ ಉಂಟಾ?" ಒರಾಜ್‌ಬಾಯ್ ನಗಲು ನೋಡಿದ, ಖಾಬಿಲ್ ಅಜ್ಜನ ಕಡೆ ತಿರುಗಿದ. "ಹೇಳಿ ಅಜ್ಜ, ಉಂಟಾ?"

ಅಜ್ಜ ಬಟ್ಟಲಲ್ಲಿ ಉಳಿದಿದ್ದ ಚಹಾ ಕುಡಿದು ಮುಗಿಸಿದ.

"ಹೆಣ್ಣುಮಗಳು ಕೇಳಿದ್ದನ್ನ ನಾನು ಕಂಡಿಲ್ಲ," ಎಂದ. "ಕೇಳಬಾರ್ದು ಅಂತ ಯಾರೂ ಹೇಳಿದ್ದನ್ನೂ ಕಂಡಿಲ್ಲ. ಇಬ್ಬರನ್ನೂ ಹೆತ್ತವಳು ನಿನ್ನ ತಂಗಿ ತಾನೆ? ಕೊಡು."

ಮರುದಿನ ಬೆಳಿಗ್ಗೆ ನಾವು ಆರು ಜನ ಗೋರಿಗಳ ದಿಬ್ಬ ಹತ್ತಿದೆವು. ನೆಲ ಹಿಮಗಟ್ಟಿತ್ತು, ಗಾಳಿ ಕಿವಿ ಕೊಯ್ಯುತ್ತಿತ್ತು. ಪ್ರಾರ್ಥನೆ ಮುಗಿದ ಮೇಲೆ ಒರಾಜ್‌ಬಾಯ್ ಟೋಪಿ ಕೆಳಗೆಳೆದುಕೊಂಡು ಗೋರಿಯ ಬಳಿ ಬಗ್ಗಿ ಏನೋ ಗೊಣಗಿ ತಿರುಗಿದ.

"ಗಟ್ಟಿಯಾಗಿ ಹೇಳಿ ಮಾವ," ಎಂದಳು ಹೆಂಗಸರ ಪದ್ಧತಿಯಂತೆ ಬೇಲಿಯಾಚೆ ನಿಂತಿದ್ದ ರೌಶನ್. "ಅಮ್ಮನಿಗೆ ಕೊನೆಗಾಲದಲ್ಲಿ ಕಿವಿ ಮಂದ ಆಗಿತ್ತು."

ಅವನು ಮತ್ತೆ ಹೇಳಿದ. ಮಾಂಸದಿಂದ ಸಗಣಿ ನಾತದವರೆಗೆ, ಬಾಗಿಲಿಂದ ಬಸ್‌ ನಿಲ್ದಾಣದವರೆಗೆ, ಕೂಗಿ ಹೇಳಿದ. ಸಗಿಂದಿಕ್ ಕೈಕಟ್ಟಿಕೊಂಡು ಕೇಳಿದ. ಕ್ಷಮಿಸಿದೆ ಎನ್ನಲಿಲ್ಲ. ಮುದುಕ ಅದಕ್ಕಾಗಿ ಸ್ವಲ್ಪ ಹೊತ್ತು ಕಾದ, ಆಮೇಲೆ ಒಬ್ಬನೇ ದಿಬ್ಬ ಇಳಿದುಹೋದ.

ಮಧ್ಯಾಹ್ನ ಬೂದು ಕುದುರೆಯನ್ನು ಕಡಿದೆವು. ಪಕ್ಕೆಯ ಕೊಬ್ಬು ನಾಲ್ಕು ಬೆರಳು ದಪ್ಪ ಇತ್ತು. ಬಾಲ್ಸುಲು ಉಪ್ಪು ತಿಕ್ಕುತ್ತಾ ಮೊದಲ ಸಲ ಹಾಡು ಗುನುಗಿದಳು. ಬೆಳ್ಳಿ ತಡಿಯನ್ನು ಅವಳು ಕೆಗೆನ್ ಸಂತೆಯಲ್ಲಿ ಮಾರಿಸಿ ಮಗಳಿಗೆ ಬೂಟು, ಗಂಡನಿಗೆ ಒಳ್ಳೆಯ ಕರಣಿ ಕೊಂಡಳು. ಹೊರಡುವ ದಿನ ನನ್ನ ಚಹಾಕ್ಕೆ ಎರಡು ತುಂಡು ಸಕ್ಕರೆ ಹಾಕಿದಳು. ಕ್ಷಮಿಸಿದಳೆಂದು ತಿಳಿದುಕೊಂಡೆ.

ಅವರು ಅಲ್ಲಿಗೆ ಹೋಗಿ ಇದು ಎರಡನೇ ಚಳಿಗಾಲ. ಕೋಣೆ ಅದೇ, ಒಲೆ ಹೊಸದು. ಆ ಬೀದಿಯವರೆಲ್ಲ ಬಂದು ಅದರ ಗೋಡೆ ಮುಟ್ಟಿ ನೋಡಿ ಹೋಗಿದ್ದಾರೆ, ಅವರಲ್ಲಿ ನಾಲ್ವರು ತಮಗೂ ಕಟ್ಟಿಸಿಕೊಂಡಿದ್ದಾರೆ.

ರೌಶನ್ ಊರಲ್ಲೇ ಇದ್ದಾಳೆ. ಪ್ರತಿ ತಿಂಗಳು ಒರಾಜ್‌ಬಾಯ್ ಪಿಂಚಣಿಗೆ ಬಂದಾಗ ಅಂಚೆಮನೆಯ ಕಿಟಕಿಯಾಚೆ ಅವಳೇ ಕೂತಿರುತ್ತಾಳೆ. ನೋಟು ಎಣಿಸಿ ಕೊಟ್ಟು ಅವನ ಮುಖವನ್ನೇ ನೋಡುತ್ತಾಳೆ. "ಏನಾದ್ರೂ ಬೇಕಾ ಮಗಳೇ?" ಎನ್ನುತ್ತಾನೆ ಅವನು, ನೋಟನ್ನು ಜೇಬಿಗೆ ತುರುಕಿಕೊಳ್ಳುತ್ತಾ.

"ಇನ್ನೂ ಯೋಚಿಸ್ತಾ ಇದೀನಿ ಮಾವ," ಎನ್ನುತ್ತಾಳೆ. ಅವಳ ಬಳಿ ಇನ್ನೂ ಎರಡು ಉಳಿದಿವೆ.