ಗ್ವೆನ್ ಆಂಟಿಯ ಳಕಾರ

ಮೊನ್ನೆ ಸಂಜೆ ಟೀವಿಯಲ್ಲಿ ಬ್ರಿಟನ್ನಿನ ಹಳೆಯ ಪತ್ತೇದಾರಿ ಧಾರಾವಾಹಿಯೊಂದು ಓಡುತ್ತಿತ್ತು. ಪೊಲೀಸರು ಬಾಗಿಲು ಬಡಿದರು. ತಲೆಗೆ ವಸ್ತ್ರ ಕಟ್ಟಿದ ಹೆಂಗಸೊಬ್ಬಳು ಬಾಗಿಲು ತೆರೆದು, ಅವರು ಮನೆಯಲ್ಲಿಲ್ಲ ಎಂದು ಹೇಳಿ ಮುಚ್ಚಿಕೊಂಡಳು. ನನ್ನ ಹೆಂಡತಿ "ರೀ, ನಮ್ಮ ಗ್ವೆನ್ ಆಂಟಿ!" ಎಂದು ಕೂಗಿದ ರಭಸಕ್ಕೆ ನನ್ನ ಕಾಫಿ ಅಂಗಿಯ ಪಾಲಾಯಿತು.

ಗ್ವೆನ್ ಆಂಟಿ ಅಮೆರಿಕದ ಕ್ಯಾರಿ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯವರು. ಎಪ್ಪತ್ತು ದಾಟಿದ ನಟಿ. ಅವರನ್ನು ಇಂಗ್ಲಿಷರು ಎಂದುಬಿಟ್ಟೀರಿ, ಜೋಕೆ! ನಾನು ಹಾಗೆಂದು, ಇಡೀ ಮಧ್ಯಾಹ್ನ ವೇಲ್ಸ್ ದೇಶದ ಚರಿತ್ರೆ ಕೇಳಬೇಕಾಯಿತು. ಅಲ್ಲಿನ ಕಲ್ಲಿದ್ದಲ ಗಣಿಯ ಊರಿನಲ್ಲಿ ಹುಟ್ಟಿ, ಹಾಡುತ್ತ ಬೆಳೆದು, ಲಂಡನ್ನಿನ ರಂಗಭೂಮಿ ಸೇರಿದವರು. ಸೇರಿದ ಕೂಡಲೇ ಅಲ್ಲಿನವರು ಇವರ ಮಾತಿನಲ್ಲಿದ್ದ ವೇಲ್ಸನ್ನೆಲ್ಲ ಉಜ್ಜಿ ತೊಳೆದರಂತೆ. ರಂಗದ ಮೇಲೆ ರಾಣಿಯಾದರೂ ತೆರೆಯ ಮೇಲೆ ಸಿಕ್ಕಿದ್ದು ನರ್ಸು, ಬಾಡಿಗೆಮನೆಯ ಒಡತಿ, ಇಲ್ಲವೇ ಹೆಣ. "ಹೆಣವಾದಾಗ ಮಾತ್ರ ಯಾರೂ ನನ್ನ ಉಚ್ಚಾರಣೆ ತಿದ್ದಲಿಲ್ಲ" ಎಂದು ನಗುತ್ತಿದ್ದರು. ಅಮೆರಿಕದವರೊಬ್ಬರನ್ನು ಮದುವೆಯಾಗಿ ಇಲ್ಲಿಗೆ ಬಂದರು. ಗಂಡ ತೀರಿಕೊಂಡರು, ಹಿಂದೆಯೇ ಕೋವಿಡ್ ಬಂದು ಥಿಯೇಟರುಗಳು ಮುಚ್ಚಿದವು. ನಟನೆ ಅಲ್ಲಿಗೆ ನಿಂತಿತು.

ಕೋವಿಡ್ ಇಳಿಮುಖವಾದ ಮೇಲೆ ಕನ್ನಡ ಸಂಘದ ನಾಟಕದ ತಾಲೀಮು ನಮ್ಮ ಗರಾಜಿನಲ್ಲಿ ಶುರುವಾಯಿತು. ನಾನೇ ನಾಯಕ, ಬೇರೆ ಯಾರೂ ಒಪ್ಪಿರಲಿಲ್ಲ. ಆಂಟಿ ದಿನಾ ಬಂದು ನೋಡುತ್ತಿದ್ದರು. ನಾಟಕ ಹತ್ತಿರ ಬಂದಾಗ ಅಜ್ಜಿಯ ಪಾತ್ರದವರಿಗೆ ಪಾಸಿಟಿವ್ ಬಂತು. ನಾವೆಲ್ಲ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಆಂಟಿ ಎದ್ದು, ಸೊಂಟಕ್ಕೆ ಕೈಯಿಟ್ಟು, ಅಜ್ಜಿಯ ಮಾತು ಹೇಳಿದರು: "ಬಾಳೆಹಣ್ಣು ಎಲ್ಲೋ, ಕಳ್ಳ?"

ಇಲ್ಲಿ ಹುಟ್ಟಿದ ನಮ್ಮ ಮಕ್ಕಳ ನಾಲಗೆಗೆ ಏನು ಮಾಡಿದರೂ ಒಲಿಯದ ಳಕಾರ ಅವರ ಬಾಯಲ್ಲಿ ಠಣ್ಣೆಂದಿತು!

"ಇದು ಹೇಗೆ ಬಂತು ಆಂಟಿ?" ಎಂದೆ.

ಅವರು ಇಂಗ್ಲಿಷಿನಲ್ಲೇ ಹೇಳಿದರು: "ನಮ್ಮ ವೆಲ್ಷ್ ಭಾಷೆಯಲ್ಲೂ ಹೊರಗಿನವರಿಗೆ ಬಾರದ ಒಂದು ಲಕಾರವಿದೆ. ಲಂಡನ್ನಿನಲ್ಲಿ ಅದನ್ನು ಬಿಡು ಎಂದರು, ಬಿಟ್ಟೆ. ಇದನ್ನು ಬಿಡುವುದಿಲ್ಲ."

ನಾಟಕದ ದಿನ, ಅಜ್ಜಿಯ ವೇಷದ ಆಂಟಿಯ ಎದುರು ನಿಂತ ನನಗೆ ಮಾತು ಪೂರ್ತಿ ಮರೆತುಹೋಯಿತು. ಆಂಟಿ ನಿಧಾನವಾಗಿ ಹತ್ತಿರ ಬಂದು, ನನ್ನ ಕೆನ್ನೆ ತಟ್ಟಿ, ನಮ್ಮ ಮನೆಯಲ್ಲಿ ಕಲಿತಿದ್ದ ಕನ್ನಡವನ್ನು ಹೊರತೆಗೆದರು: "ಊಟ ಆಯ್ತಾ?"

"ಇಲ್ಲ ಅಜ್ಜಿ" ಎಂದೆ.

"ಯಾಕೋ? ಹೆಂಡತಿ ಹಾಕಲ್ವಾ?"

ಸಭೆ ಬಿದ್ದು ಬಿದ್ದು ನಕ್ಕಿತು. ಆ ಗಲಾಟೆಯಲ್ಲಿ ನನ್ನ ಮಾತು ನೆನಪಾಯಿತು. ಕೊನೆಗೆ ಚಪ್ಪಾಳೆ ನಿಂತರೂ ಆಂಟಿ ಬಾಗಿ ವಂದಿಸುತ್ತಲೇ ಇದ್ದರು. ಪರದೆ ಎಳೆಯುವವರು ಹಗ್ಗ ಹಿಡಿದು ಕಾದರು. ವಾಪಸು ಬರುವಾಗ ಕಾರಿನಲ್ಲಿ ಅವರ ಮುಖ ನೋಡಿದೆ. ಕಣ್ಣಿನ ಕಾಡಿಗೆಯೆಲ್ಲ ಇಳಿದು ಕೆನ್ನೆಗೆ ಬಂದಿತ್ತು.

ಟೀವಿಯಲ್ಲಿ ಕಂಡದ್ದನ್ನು ಹೇಳೋಣವೆಂದು ನಿನ್ನೆ ಅವರ ಮನೆಗೆ ಹೋದೆ. ಮನೆಯಲ್ಲಿ ಇಂಗ್ಲಿಷು ಬಿಟ್ಟು ಬೇರೆ ಮಾತಾಡದ ನನ್ನ ಮಗಳು ಅವರ ಮುಂದೆ ಕೂತು ಈ ವರ್ಷದ ನಾಟಕದ ಕನ್ನಡ ಮಾತು ಒಪ್ಪಿಸುತ್ತಿದ್ದಳು.

"ಪುಟ್ಟಿ, ನಾನೇ ಹೇಳಿಕೊಡ್ತಿದ್ದೆನಲ್ಲೇ?"

"ನೀನು ಮಂಬಲ್ ಮಾಡ್ತೀಯ ಅಪ್ಪಾ. ಆಂಟಿ ಕ್ಲಿಯರ್ ಆಗಿ ಹೇಳ್ತಾರೆ."

ಆಂಟಿ ನಗಲಿಲ್ಲ. ಮಗಳ ಪಕ್ಕದ ಜಾಗ ತೋರಿಸಿದರು. ಕೂತೆ.

"ಬಾಯಿ ತೆಗಿ" ಎಂದರು.

ತೆಗೆದೆ.