ಬ್ರೇಕ್ ಮೇಷ್ಟ್ರ ಬಲಗಾಲು

ಹೃದಯಾಘಾತವಾಗಿ ಆಸ್ಪತ್ರೆಯಿಂದ ಮರಳಿದ ಬ್ರೇಕ್ ಮೇಷ್ಟ್ರು ಬೆಳಗಿನ ನಡಿಗೆ ಶುರುಮಾಡಿದಾಗ, ಅವರ ಬಲಗಾಲಿಗೂ ಏನೋ ಆಗಿದೆ ಎಂದೇ ಬೀದಿಯವರೆಲ್ಲ ನಂಬಿದ್ದರು, ಇದನ್ನು ಬರೆಯುತ್ತಿರುವವನೂ ಸೇರಿ. ನಾಲ್ಕು ಹೆಜ್ಜೆ ನಡೆಯುವರು, ಗಕ್ಕನೆ ನಿಲ್ಲುವರು, ಹಲ್ಲು ಕಚ್ಚಿ ಬಲಗಾಲನ್ನು ನೆಲಕ್ಕೆ ಒತ್ತುವರು. ಪಾಪ ಅನ್ನಿಸಿ ಮೂಳೆ ಡಾಕ್ಟರ ವಿಳಾಸ ಬರೆದುಕೊಟ್ಟರೆ ಮೇಷ್ಟ್ರ ಹೆಂಡತಿ ನಕ್ಕುಬಿಟ್ಟರು.

"ಕಾಲಿಗೇನೂ ಆಗಿಲ್ಲ ಕಣ್ರೀ. ರಸ್ತೇಲಿ ಹೋಗೋರ ಗಾಡಿಗೆಲ್ಲ ಇವರು ಬ್ರೇಕ್ ಹಾಕ್ತಿದಾರೆ, ಅಷ್ಟೇ."

ಇಪ್ಪತ್ತಾರು ವರ್ಷ ಡ್ರೈವಿಂಗ್ ಕಲಿಸಿದ ಕಾಲು ಅದು. ಕಲಿಯುವವರ ಪಕ್ಕದ ಸೀಟಿನಲ್ಲಿ, ತಮ್ಮ ಪಾಲಿನ ಎರಡನೇ ಬ್ರೇಕಿನ ಮೇಲೆ ಪಾದವಿಟ್ಟು ಊರಿನ ಅರ್ಧ ಜನರ ಜೀವ ಉಳಿಸಿದ್ದೇನೆ ಎಂಬುದು ಮೇಷ್ಟ್ರ ನಂಬಿಕೆ. ಉಳಿದರ್ಧ ಜನ ಬದುಕಿರುವುದು ಅವರಿಗೆ ಗಾಡಿ ಇಲ್ಲದ್ದರಿಂದ. ಎದೆನೋವು ಬಂದ ದಿನ, ಅವರ ಮೊದಲ ಶಿಷ್ಯೆಯಾದ ಹೆಂಡತಿಯೇ ಆ ಎರಡು ಬ್ರೇಕಿನ ಕಾರು ಓಡಿಸಿ ಆಸ್ಪತ್ರೆಗೆ ಕರೆದೊಯ್ದರು. ಬೆವರಿನಲ್ಲಿ ತೊಯ್ದು ಎದೆ ಹಿಡಿದುಕೊಂಡಿದ್ದರೂ ಮೇಷ್ಟ್ರು ದಾರಿಯುದ್ದಕ್ಕೂ ಬ್ರೇಕ್ ಒತ್ತಿದರು. ಗಾಡಿ ಎರಡು ಸಲ ಆಫ್ ಆಯಿತು. "ಬದುಕೋ ಆಸೆ ಇದ್ರೆ ಕಾಲೆತ್ರೀ!" ಎಂದು ಹೆಂಡತಿ ಕಿರುಚಿದ ಮೇಲೆಯೇ ಆಸ್ಪತ್ರೆಯ ಗೇಟು ಕಂಡದ್ದು.

ಈಗ ಅವರಿಗೆ ಬೇಕಿದ್ದುದು ಆ ಸೀಟೊಂದೇ. ಆರನೇ ವಾರ ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡಿ ಹೇಳುತ್ತೇನೆ ಎಂದಿದ್ದರು ಡಾಕ್ಟರು. ಅಲ್ಲಿಯವರೆಗೆ ಮನೆಯಲ್ಲಿ ಕೂರಲಾರರು, ನಿಲ್ಲಲಾರರು. ಕುಕ್ಕರ್ ಕೂಗುವ ಮುಂಚೆಯೇ ಒಲೆ ಆರಿಸುವರು. ಮೂರು ಹೊತ್ತೂ ಕಾರಿನ ಗಾಜು ಒರೆಸುವರು.

ಬರೆದುಕೊಟ್ಟ ಐದು ಮಾತ್ರೆಗಳಲ್ಲಿ ಒಂದು ಎದೆಬಡಿತ ತಗ್ಗಿಸುವಂಥದ್ದು. ಅದು ಎದೆಗೆ ಹಾಕುವ ಬ್ರೇಕು ಎಂದು ನರ್ಸ್ ಒಮ್ಮೆ ತಿಳಿಸಿ ಹೇಳಿದ್ದೇ ತಪ್ಪಾಯಿತು. ಬ್ರೇಕಿನ ವಿಷಯ ತಮಗೆ ಯಾರು ಹೇಳಿಕೊಡಬೇಕು? ಸುಮ್ಮನೆ ತುಳಿದರೆ ಲೈನಿಂಗ್ ಸವೆಯುತ್ತದೆ. ಎದೆಯೇನೋ ಚೆನ್ನಾಗಿಯೇ ಓಡುತ್ತಿದೆ. ಪರೀಕ್ಷೆಗೆ ಮುಂಚಿನ ಒಂಬತ್ತು ದಿನ ಮೇಷ್ಟ್ರು ಆ ಮಾತ್ರೆಯನ್ನು ನುಂಗದೆ, ಬೇಕಾದಾಗ ಇರಲಿ ಎಂದು ಕಾರಿನ ಡ್ಯಾಶ್‌ಬೋರ್ಡಿನೊಳಗೆ ಕೂಡಿಟ್ಟರು.

ಟ್ರೆಡ್‌ಮಿಲ್ ಹತ್ತಿದ ಮೂರನೇ ನಿಮಿಷಕ್ಕೆ ಎದೆ ಹುಚ್ಚುಕುದುರೆಯಾಯಿತು. ನರ್ಸ್ ಯಂತ್ರ ನಿಲ್ಲಿಸಿದರು. ಮೇಷ್ಟ್ರು ತಡವರಿಸುತ್ತ ಮಾತ್ರೆಯ ಸಂಗತಿ ಒಪ್ಪಿಕೊಂಡರು.

"ಇನ್ನೆರಡು ತಿಂಗಳು ಆ ಸೀಟಿನ ಮಾತೇ ಎತ್ಬೇಡಿ," ಎಂದರು ಡಾಕ್ಟರು. "ಮತ್ತೆ ಹೀಗೆ ಬಿಟ್ರೆ, ಸೀಟು ಇರುತ್ತೆ, ನೀವಿರಲ್ಲ."

ಹೆಂಡತಿ ಡ್ಯಾಶ್‌ಬೋರ್ಡ್ ತೆರೆದರು, ಒಂಬತ್ತು ಮಾತ್ರೆ ನೋಡಿದರು, ಮುಚ್ಚಿದರು. ಗಾಡಿ ಸ್ಟಾರ್ಟ್ ಮಾಡಿದರು. ಆಸ್ಪತ್ರೆಯಿಂದ ಕೆಳಗಿಳಿಯುವ ರಸ್ತೆ ಕಡಿದಾದ ಇಳಿಜಾರು. ಮೇಷ್ಟ್ರ ಬಲಗಾಲು ತಾನಾಗಿ ಮುಂದೆ ಸರಿಯಿತು.

"ಕಾಲೆತ್ರೀ. ಇಲ್ಲಿ ಸೆಕೆಂಡ್ ಗೇರ್ ಯಾಕೆ ಹಾಕಿದೀನಿ ಹೇಳಿ?"

"ಗಾಡಿ ಕೈ ಮೀರಿ ಓಡ್ಬಾರ್ದು ಅಂತ. ನಾನೇ ಕಲಿಸಿದ್ದಲ್ವೇನೇ?"

"ಚೆನ್ನಾಗೇ ಹೋಗ್ತಿದೆಯಲ್ಲ. ಗೇರ್ ತೆಗೀಲಾ?"

"ಏಯ್, ಮುಟ್ಬೇಡ! ಗೇರ್ ಇರೋದಕ್ಕೇ ಕಣೇ ಅದು ಚೆನ್ನಾಗಿ ಹೋಗ್ತಿರೋದು!"

ಹೆಂಡತಿ ಒಮ್ಮೆ ತಿರುಗಿ ಅವರ ಮುಖ ನೋಡಿದರು, ಅಷ್ಟೇ. ಮೇಷ್ಟ್ರ ಕಣ್ಣು ಡ್ಯಾಶ್‌ಬೋರ್ಡಿನ ಕಡೆ ಹೋಯಿತು. ಇಳಿಜಾರು ಮುಗಿಯುವವರೆಗೆ, ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಸಲ, ಅವರ ಕಾಲು ಸುಮ್ಮನಿತ್ತು.

ಎರಡು ತಿಂಗಳ ಮೇಲೆ ಇನ್ನೊಂದು ಪರೀಕ್ಷೆ ಪಾಸಾಗಿ, ಮೇಷ್ಟ್ರು ಮತ್ತೆ ಆ ಸೀಟಿನಲ್ಲಿ ಕೂತರು. ಕಾರು ಹೊರಡುವ ಮುಂಚೆ ಮಾತ್ರೆ ಬಾಯಿಗೆ ಹಾಕಿ ನೀರು ಕುಡಿದರು. ಹೊಸದಾಗಿ ಕಲಿಯಲು ಬಂದ ಬಟ್ಟೆ ಅಂಗಡಿಯವರು ಅದನ್ನು ನೋಡಿ ಲೊಚಗುಟ್ಟಿದರು.

"ಗುಂಡುಕಲ್ಲಿನ ಹಾಗಿದೀರಲ್ಲ ಮೇಷ್ಟ್ರೇ. ಇನ್ನೂ ಎಷ್ಟು ದಿನ ಈ ಮಾತ್ರೆ?"

"ಸಾಯೋವರ್ಗೂ. ಬೇಗ ಮುಗಿಸ್ಬೇಕು ಅಂದ್ರೆ ಬಿಟ್ರಾಯ್ತು."